ಬಲಗಾಲಿನ ಸದ್ದು

ಒಂದು ನಿಮಿಷ ನಿಲ್ಲಿ, ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ಸಾತಪ್ಪನ ಹೆಣಕ್ಕೆ ಬ್ಯಾಂಡಿನ ಕೆಂಪು ಕೋಟು ತೊಡಿಸಿ ಆಗಿತ್ತು. ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಕೂಡುತ್ತಿರಲಿಲ್ಲ. ಡೋಲು ಬಾರಿಸುವ ಶೆಟ್ಟೆಪ್ಪ ಬಾಗಿ ಅದರ ಜೊತೆ ಗುದ್ದಾಡುತ್ತಿದ್ದ.

"ಹೊಟ್ಟಿ ಒಳಗ ತುಗೊಳೋ ದೋಸ್ತಾ," ಎಂದ. "ಮೂವತ್ತೆರಡ ವರ್ಷ ಹೇಳೀನಿ, ಒಂದ ದಿನಾನೂ ಕೇಳಲಿಲ್ಲ ನೀ."

ಅಳುತ್ತಿದ್ದ ಕರೆವ್ವನಿಗೆ ನಡುವೆಯೇ ನಗು ಬಂತು. ಗಂಡನ ಎದೆಯ ಮೇಲೆ ಸೆರಗು ಆಡಿಸಿ ಧೂಳು ಒರೆಸಿದಳು.

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನಲ್ಲಿ ಸಾತಪ್ಪನ ಸ್ಯಾಕ್ಸೋಫೋನ್ ಕೇಳದೆ ಮದುವೆಯಾದವರು ಕಡಿಮೆ. ವರನ ಮೆರವಣಿಗೆಯ ಮುಂದೆ ನಡೆಯುತ್ತ ಊದುವುದೇ ಅವನ ಕಸುಬು. ಬ್ಯಾಂಡಿನವರಲ್ಲಿ ಒಂದು ಪದ್ಧತಿ ಇದೆ. ಸತ್ತವನ ವಾದ್ಯವನ್ನು ಅವನ ಮನೆಯವರು ಹೆಣದ ಮುಂದೆ ಹಿಡಿದು ನಡೆಯುತ್ತಾರೆ, ದಾರಿಯಲ್ಲಿ ಯಾರೂ ಊದುವಂತಿಲ್ಲ. ಹೆಣ ಹೂಳುವ ಕುಣಿಯ ಹತ್ತಿರ ಅದನ್ನು ಶಿಷ್ಯನ ಕೈಗೆ ಕೊಡುತ್ತಾರೆ. ಅವನು ಅಲ್ಲಿ ಒಂದು ಸಲ ಊದಿದನೆಂದರೆ ವಾದ್ಯ ಅವನದು, ಗುರುವಿನ ಹೆಸರು ಹೇಳಿಕೊಳ್ಳುವ ಹಕ್ಕೂ ಅವನದು.

ಶಿಷ್ಯ ಹನ್ನೊಂದು ಗಂಟೆಗೆ ಪುಣೆಯಿಂದ ಕಾರಿನಲ್ಲಿ ಬಂದ. ಓಂಕಾರ, ಸಾತಪ್ಪನ ತಂಗಿಯ ಮಗ. ತಾಯಿ ತೀರಿಕೊಂಡ ಮೇಲೆ ಆರನೇ ವಯಸ್ಸಿನಿಂದ ಇದೇ ಮನೆಯಲ್ಲಿ ಬೆಳೆದವನು. ಮಾವನ ಕಾಲಿಗೆ ಹಣೆ ಹಚ್ಚಿ ಅತ್ತ, ನಿಜವಾಗಿಯೇ ಅತ್ತ.

"ಇವನ ಏನ ಆ ಆಲ್ಬಮ್ಮಿನಾಂವ?" ಪಕ್ಕದ ಮನೆಯ ಲಕ್ಕವ್ವ ಕೇಳಿದಳು.

"ಹೂಂ, ಇವನ. ಎಪ್ಪತ್ತ ಮಂದಿ ಪಿಟೀಲಿನವರನ್ನ ಕೂಡ್ಸಿ ಜಾಝ್ ಊದ್ಯಾನ," ಎಂದ ಶೆಟ್ಟೆಪ್ಪ.

"ಜಾಝ್ ಅಂದ್ರ?"

"ನಮ್ಮ ಬ್ಯಾಂಡಿನ ಮಾಯಪ್ಪ ಕುಡದ ಬಂದಾಗ ಊದ್ತಿದ್ನಲ್ಲ, ಹಂಗ. ಖರೆ ಇವರು ಕುಡೀಲಾರದ ಊದ್ತಾರ."

ಆಲ್ಬಮ್ಮಿನ ಹೆಸರು 'ಘಟಪ್ರಭಾ'. ಅದರ ನಡುವಿನ ಒಂದು ನಿಧಾನದ ತುಣುಕು ಗೋಕಾಕದ ಎಲ್ಲರ ಫೋನಿನಲ್ಲೂ ಇತ್ತು. ಸ್ಯಾಕ್ಸೋಫೋನಿನ ಕೆಳಗೆ ಎಲ್ಲೋ ಒಂದು 'ಕಿರ್' ಸದ್ದು ಬಂದು ಬಂದು ಹೋಗುತ್ತಿತ್ತು. ಅದೇನೆಂದು ಸಂದರ್ಶನದಲ್ಲಿ ಕೇಳಿದಾಗ ಓಂಕಾರ, "ನಮ್ಮ ಹೊಳೆಯ ದೋಣಿಯ ಹುಟ್ಟಿನ ಸದ್ದು" ಎಂದು ಹೇಳಿದ್ದ. ಜನ ಚಪ್ಪಾಳೆ ತಟ್ಟಿದ್ದರು.

ಹೆಣ ಎತ್ತಿದರು. ಮುಂದೆ ಮಗಳು ಭಾಗ್ಯಾ. ಅರಭಾವಿ ತೋಟಗಾರಿಕೆ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎರಡೂ ಕೈಯಲ್ಲಿ ಅಪ್ಪನ ಸ್ಯಾಕ್ಸೋಫೋನ್, ಹೆಗಲಿನ ಚೀಲದಲ್ಲಿ ಅಪ್ಪನ ಚಪ್ಪಲಿ. ಸತ್ತವನ ಚಪ್ಪಲಿಯನ್ನು ಸುಡುಗಾಡಿನಲ್ಲೇ ಬಿಟ್ಟು ಬರಬೇಕು. ಹಿಂದಿನ ಟಂಟಂ ರಿಕ್ಷಾದಲ್ಲಿ ಸ್ಪೀಕರ್ ಕಟ್ಟಿಕೊಂಡಿದ್ದ ಓಣಿಯ ಹುಡುಗ ಯಲ್ಲಾಲಿಂಗ ಕೂಗಿದ, "ಕಾಕಾಗ ಶಿಷ್ಯನ ಹಾಡ ಕೇಳಸೂಣ ತಡೀರಿ!"

"ಅದ ಬ್ಯಾಡೋ," ಓಂಕಾರ ಥಟ್ಟನೆ ಹಿಂದೆ ತಿರುಗಿದ. "ಬ್ಯಾರೆ ಏನರ ಹಚ್ಚು."

"ಎಷ್ಟ ನಾಚ್ಕೋತಿ ಮಾರಾಯಾ!"

ಪಿಟೀಲುಗಳು ತೆರೆಯಂತೆ ಎದ್ದವು. ಅವುಗಳ ಮೇಲೆ ಸ್ಯಾಕ್ಸೋಫೋನ್ ಬಂತು. ಹೆಣ ಹೊತ್ತವರ ಹೆಜ್ಜೆ ತಾನಾಗಿಯೇ ಅದಕ್ಕೆ ಕೂಡಿಕೊಂಡಿತು. ನಾಲ್ಕು ಹೆಜ್ಜೆಗೆ ಒಂದು ಉಸಿರು. ಬಲಗಾಲು ಬಿದ್ದಾಗಲೆಲ್ಲ ಕಿರ್. ಎಡಗಾಲಿಗೆ ಇಲ್ಲ. ಮತ್ತೆ ಬಲಗಾಲು, ಕಿರ್.

ಶೆಟ್ಟೆಪ್ಪ ನಡುರಸ್ತೆಯಲ್ಲಿ ನಿಂತುಬಿಟ್ಟ.

"ಭಾಗ್ಯಾ," ಎಂದ. "ಈ ಕಾಲಿನ ಬಾಜೂಕ ಮೂವತ್ತೆರಡ ವರ್ಷ ನಡದೀನವಾ ನಾ."

*

ಮೂರು ವರ್ಷದ ಹಿಂದೆ ಪುಣೆಯ ಸ್ಟುಡಿಯೊಗೆ ಸಾತಪ್ಪನ ಜೊತೆ ಶೆಟ್ಟೆಪ್ಪನೂ ಹೋಗಿದ್ದ. ಓಂಕಾರ ಸ್ವರ ಬರೆದ ಕಾಗದ ನೋಡಿ ಊದುತ್ತಿದ್ದ, ಒಂದೂ ತಪ್ಪಿಲ್ಲ. ಆದರೂ ಆ ನಿಧಾನದ ತುಣುಕು ಮೂರು ದಿನವಾದರೂ ಯಾರಿಗೂ ಒಪ್ಪಿಗೆಯಾಗಲಿಲ್ಲ. "ನಿಮ್ಮ ಮಾವ ಒಂದು ಸಲ ಊದಿ ನೋಡಲಿ" ಎಂದರು ಸ್ಟುಡಿಯೊದವರು. ಸಾತಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದರೆ ಉಸಿರೇ ಏಳಲಿಲ್ಲ.

"ಕುಂತ ಊದಿ ರೂಢಿ ಇಲ್ರಿ ನನಗ. ನಡ್ಯಾಕ ಬಿಡ್ರಿ," ಎಂದ.

ಬಿಟ್ಟರು. ಕಿವಿಯಲ್ಲಿ ಎಪ್ಪತ್ತು ಪಿಟೀಲು, ಕಾಲ ಕೆಳಗೆ ಒಂದು ಚಾಪೆ. ಆ ಚಾಪೆಯ ಮೇಲೆಯೇ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಮಾಡಿ ಊದಿದ. ಬಲಗಾಲಿನ ಚಪ್ಪಲಿಗೆ ಟಯರಿನ ತುಂಡು ಹೊಡೆಸಿದ್ದ. ಅದು ಕಿರಗುಟ್ಟುತ್ತಿತ್ತು.

ಮರುದಿನ ಓಂಕಾರ ಹೊರಗೆ ಬಂದು ಹೇಳಿದ, "ನಿನ್ನ ಚಪ್ಪಲಿ ಸದ್ದ ಸೇರೇತಿ ಮಾವಾ. ನಿಂದ ತಗದ್ರು. ನಂದ ಇಟ್ಕೊಂಡ್ರು."

"ಅಯ್ಯ, ಬರಿಗಾಲಲೆ ಹೋಗಬೇಕಿತ್ತ ನಾ," ಎಂದ ಸಾತಪ್ಪ. ಶಿಷ್ಯನಿಗೆ ಪೇಢೆ ತಿನ್ನಿಸಿದ. ಬಸ್ಸಿನಲ್ಲಿ ತಮ್ಮೂರು ತುಕ್ಕಾನಟ್ಟಿ ಬರುವ ತನಕ ತನ್ನ ಚಪ್ಪಲಿಗೆ ತಾನೇ ಬೈಯುತ್ತ ಬಂದ.

ವರ್ಷದ ಮೇಲೆ ಆಲ್ಬಂ ಬಂತು. ಭಾಗ್ಯಾ ತನ್ನ ಫೋನಿನಲ್ಲಿ ಹಚ್ಚಿ ಇಯರ್‌ಫೋನನ್ನು ಅಪ್ಪನ ಕಿವಿಗೆ ಸಿಕ್ಕಿಸಿದಳು. ಸಾತಪ್ಪ ಕಣ್ಣು ಮುಚ್ಚಿ ಅಂಗಳದಲ್ಲಿ ನಡೆಯತೊಡಗಿದ. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಹಾಗೆಯೇ ನಿಂತ. ಕಟ್ಟೆಯ ಮೇಲೆ ಕುಳಿತು, ತಂತಿ ಬಿಚ್ಚಿ ಅವಳ ಕೈಗೆ ಕೊಟ್ಟ.

"ಚಲೋ ಊದ್ಯಾನ ಹುಡುಗ."

"ನಿಂದ್ಯಾಕ ತಗದ್ರಪ್ಪಾ?"

"ನನಗ ಬರಲಿಲ್ಲವಾ."

"ಅಷ್ಟ ವರ್ಷ ಮದುವ್ಯಾಗ ಊದಿ ಏನ ಉಪಯೋಗ?" ಎಂದಿದ್ದಳು ಭಾಗ್ಯಾ. ಅವಳಿಗೆ ಬೇಜಾರಾಗಿತ್ತು. "ಒಂದ ದಿನ ದೊಡ್ಡವರ ಮುಂದ ಊದಾಕ ಬರಲಿಲ್ಲ ನಿನಗ."

ಅಪ್ಪ ಹೂಂ ಅಂದಿದ್ದ. ಅವತ್ತು ಪೆಟ್ಟಿಗೆ ಸೇರಿದ ಸ್ಯಾಕ್ಸೋಫೋನ್ ಹೊರಗೆ ಬಂದದ್ದು ಈ ಬೆಳಿಗ್ಗೆಯೇ.

*

ಸುಡುಗಾಡಿನಲ್ಲಿ ಸ್ಪೀಕರ್ ನಿಲ್ಲಿಸಿದರು. ಬುದ್ಧನ ತ್ರಿಶರಣ ಹೇಳಿ ಮುಗಿಯಿತು. ಹೆಣ ಕುಣಿಗೆ ಇಳಿಯಿತು. ಮಂದಿ ಹಿಡಿಮಣ್ಣು ತುಂಬಿಕೊಂಡು ಕಾಯುತ್ತ ನಿಂತರು, ವಾದ್ಯ ಊದಿದ ಮೇಲೆಯೇ ಮಣ್ಣು.

ಓಂಕಾರ ಮುಂದೆ ಬಂದು ಎರಡೂ ಕೈ ಚಾಚಿದ. ಭಾಗ್ಯಾ ಕೊಡಲಿಲ್ಲ.

"ಆ ಕಿರ್ ಅನ್ನೂದು ಏನದು?" ಎಂದು ಕೇಳಿದಳು.

"ಭಾಗ್ಯಾ, ಮಂದಿ ಅದಾರ."

"ಅದಕ್ಕ ಕೇಳಾಕತ್ತೇನಿ."

ಓಂಕಾರ ದನಿ ಇಳಿಸಿದ. "ಮಾವಗ ಗೊತ್ತಿತ್ತು. ಕೇಳಿದ ದಿನಾನ ಫೋನ್ ಮಾಡಿದ್ದ. ಚಲೋ ಆಗೇತಿ ಅಂದ, ಅಷ್ಟ. ಅಂವ ಏನೂ ಅನ್ನಲಿಲ್ಲ ನನಗ."

"ಅಂವ ಯಾರಿಗೂ ಏನೂ ಅನ್ನಲಿಲ್ಲ," ಎಂದಳು ಭಾಗ್ಯಾ. "ನನ್ನ ಕಡಿಂದ ಅನ್ನಿಸ್ಕೊಂಡ."

"ಏ, ಕುಣಿ ಮುಂದ ಜಗಳ ಬ್ಯಾಡ್ರವಾ," ಯಾರೋ ಹಿರಿಯರು ಅಂದರು. ಶೆಟ್ಟೆಪ್ಪ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ.

ಭಾಗ್ಯಾ ಸ್ಯಾಕ್ಸೋಫೋನನ್ನು ಅವನ ಕೈಗೆ ಕೊಟ್ಟಳು. ಓಂಕಾರನ ಮುಖದಲ್ಲಿ ಕಳೆ ತಿರುಗಿತು. ಆಗ ಅವಳು ಹೆಗಲಿನ ಚೀಲ ಬಿಚ್ಚಿ, ಬಗ್ಗಿ, ಅಪ್ಪನ ಚಪ್ಪಲಿಗಳನ್ನು ಅವನ ಹೊಳೆಯುವ ಬೂಟಿನ ಮುಂದೆ ಜೋಡಿಸಿ ಇಟ್ಟಳು.

"ಇವನ್ನ ಹಾಕ್ಕೊಂಡ ಊದು. ನಡಕೋತ. ಅದ ತುಣುಕು. ಆಮ್ಯಾಲ ಒಯ್ಯಿ."

ಎಲ್ಲರೂ ಚಪ್ಪಲಿ ನೋಡಿದರು. ದಾರಿಯುದ್ದಕ್ಕೂ ಆ ಸದ್ದಿಗೆ ಹೆಜ್ಜೆ ಹಾಕಿ ಬಂದವರು ಬಲಗಾಲಿನ ಚಪ್ಪಲಿಯ ಟಯರಿನ ತುಂಡು ನೋಡಿದರು. ಯಲ್ಲಾಲಿಂಗನ ಕೈಯಿಂದ ಮಣ್ಣು ಸೋರಿತು. ಕರೆವ್ವನಿಗೆ ಮಾತ್ರ ಏನೂ ತಿಳಿಯಲಿಲ್ಲ. ಅವಳು ಮೂಗು ಒರೆಸಿಕೊಂಡು ಅಕ್ಕರೆಯಿಂದ ಹೇಳಿದಳು, "ಹಾಕ್ಕೋಳೋ ನನ ಕಂದಾ. ನಿಮ್ಮ ಮಾವಂದ ಅಲ್ಲೇನ ಅವು."

ಓಂಕಾರ ಬೂಟು ಬಿಚ್ಚಿದ. ಬಿಳಿ ಕಾಲುಚೀಲಕ್ಕೆ ಕುಣಿಯ ಹಸಿಮಣ್ಣು ಹತ್ತಿತು. ಸ್ಯಾಕ್ಸೋಫೋನ್ ತುಟಿಯ ಹತ್ತಿರ ಬಂದಿತ್ತು. ಎಡಗಾಲು ಚಪ್ಪಲಿಯೊಳಗೆ ಹೋಯಿತು. ಬಲಗಾಲು ಎತ್ತಿದ, ಅದು ಟಯರಿನ ಚಪ್ಪಲಿಯ ಮೇಲೆ ಗಾಳಿಯಲ್ಲೇ ನಿಂತಿತು. ಹಿಡಿಮಣ್ಣು ಹಿಡಿದ ಇಡೀ ಊರು ಆ ಒಂದು ಕಾಲನ್ನೇ ನೋಡುತ್ತಿತ್ತು. ನೀವಾಗಿದ್ದರೆ ಆ ಕಾಲನ್ನು ಎಲ್ಲಿ ಇಡುತ್ತಿದ್ದಿರಿ?