ಮಂಚದ ಕೆಳಗಿನ ಉದ್ಯಮ

ದೇಶದ ಉದ್ಯಮಗಳ ಬಗ್ಗೆ ನನಗೇನು ಅನ್ನಿಸುತ್ತದೆ ಎಂದು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಗಂಡ ಮನೆಗೆ ಯಾವ ಬಣ್ಣ ಬಳಿಸಬೇಕು ಎಂದು ಕೂಡ ಕೇಳಿದವನಲ್ಲ. ಬಳಿಸಿದ ಮೇಲೆ ಹೇಗಿದೆ ಎಂದೂ ಕೇಳಲಿಲ್ಲ. ಹಾಗಾಗಿ ಲೋಕಸಭೆ ಚುನಾವಣೆಗೆ ಮುಂಚೆ, ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ ಹಾಕಿಕೊಂಡ ಹುಡುಗನೊಬ್ಬ ಸರ್ವೇ ಎಂದು ನಮ್ಮ ಓಣಿಗೆ ಬಂದು, ದೇಶದ ಉದ್ಯಮಗಳಿಗೆ ಸರ್ಕಾರ ಬೆಂಬಲ ಕೊಡಬೇಕೋ ಬೇಡವೋ ನೀವೇ ಹೇಳಬೇಕು ಎಂದಾಗ ನಾನು ಸೆರಗು ಸರಿಮಾಡಿಕೊಂಡು ಕೂತೆ. ಬೆಂಬಲ ಕೊಡುವುದು ನನ್ನ ಕೈಯಲ್ಲೇ ಇದೆಯೇನೋ ಅನ್ನುವ ಹಾಗೆ!

ನಮ್ಮದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ. ಇಲ್ಲಿ ಕೂದಲು ಬಿಡಿಸುವುದು ಮನೆಮನೆಯ ಕೆಲಸ. ನೀವು ತಲೆ ಬಾಚಿ, ಉದುರಿದ್ದನ್ನು ಉಂಡೆ ಮಾಡಿ ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಪಾತ್ರೆಯವನು ಬಂದಾಗ ಕೊಟ್ಟು ಒಂದು ಬಟ್ಟಲನ್ನೋ ಚಮಚವನ್ನೋ ಇಸಿದುಕೊಳ್ಳುತ್ತೀರಲ್ಲ, ಆ ಉಂಡೆ ಕಡೆಗೆ ಬಂದು ಬೀಳುವುದು ನಮ್ಮ ಮಡಿಲಿಗೆ. ಅದರ ಸಿಕ್ಕು ಬಿಡಿಸಿ, ಎಳೆ ಎಳೆ ನೇರ ಮಾಡಿ, ಉದ್ದ ನೋಡಿ ಕಟ್ಟು ಕಟ್ಟುತ್ತೇವೆ. ಆಮೇಲೆ ಅದು ಹಡಗು ಹತ್ತಿ ಹೋಗಿ, ಯಾವುದೋ ದೇಶದ ಬೋಳು ತಲೆಯ ಮೇಲೆ ಕೂತು ಠಾಕುಠೀಕಾಗಿ ಓಡಾಡುತ್ತದಂತೆ. ಇದನ್ನು ಉದ್ಯಮ ಎನ್ನುತ್ತಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಾವು ಐದಾರು ಹೆಂಗಸರು ಕೂತು ಬಿಡಿಸುವುದು ಶಾಂತಕ್ಕನ ಪಡಸಾಲೆಯಲ್ಲಿ. ಫ್ಯಾನು ಹಾಕುವಂತಿಲ್ಲ, ಕೂದಲು ಹಾರುತ್ತದೆ. ಹಾಕದಿದ್ದರೂ ಹಾರುತ್ತದೆ. ಕೊಡದ ನೀರಿನಲ್ಲಿ, ರೊಟ್ಟಿ ಹಿಟ್ಟಿನಲ್ಲಿ, ದೇವರ ದೀಪದ ಎಣ್ಣೆಯಲ್ಲಿ, ಎಲ್ಲೆಲ್ಲೂ ಕೂದಲು. ದೊಡ್ಡವರಿಗೆ ರೂಢಿಯಾಗಿದೆ. ಆದರೆ ಶಾಂತಕ್ಕನ ಸೊಸೆ ಶ್ವೇತಾ ಹೆರಿಗೆ ಮುಗಿಸಿ ಕೂಸನ್ನು ಎತ್ತಿಕೊಂಡು ಬಂದಳಲ್ಲ, ಆ ಕೂಸಿಗೆ ಯಾರು ರೂಢಿ ಮಾಡಿಸಬೇಕು? ಬಂದ ವಾರದಲ್ಲೇ ಶ್ವೇತಾ ಕೂಸಿನ ಬಾಯಿಂದ ಒಂದು ಉದ್ದನೆಯ ಕೂದಲನ್ನು ಮೆಲ್ಲಗೆ ಎಳೆದು ತೆಗೆದಳು. ಅದನ್ನು ಅತ್ತೆಯ ಕೈಗೆ ಕೊಟ್ಟಳು. ಬೈಯಲಿಲ್ಲ, ಅಳಲಿಲ್ಲ, ಬ್ಯಾಗು ತುಂಬಿಕೊಂಡಳು.

"ಅತ್ತೀ, ಈ ಕೂದ್ಲ ಮನಿ ಬಿಟ್ಟು ಹೊರಗ ಹೋಗ್ಲಿ. ಆಮ್ಯಾಲೆ ನಾವು ಒಳಗ ಬರ್ತೀವಿ," ಎಂದು ಕುಷ್ಟಗಿಯ ತವರಿಗೆ ಹೋದವಳು ಇನ್ನೂ ಬಂದಿಲ್ಲ.

ಕೂದಲನ್ನು ಹೊರಗೆ ಹಾಕಿದರೆ ಅನ್ನವನ್ನೂ ಹೊರಗೆ ಹಾಕಿದ ಹಾಗೆ. ಶಾಂತಕ್ಕನ ಮಗ ಗಾಳೇಶ ಯಾರದೋ ಟೆಂಪೋ ಓಡಿಸುತ್ತಾನೆ. ಟೆಂಪೋ ಓಡಿದ ದಿನ ಗಳಿಕೆ, ನಿಂತ ದಿನ ನಿದ್ದೆ. ಅದಕ್ಕೇ ಶಾಂತಕ್ಕ ಒಂದೇ ಮಾತು ಹಿಡಿದಳು: ಷೆಡ್ಡು. ಓಣಿಯ ಕೊನೆಗೆ ಸರ್ಕಾರಿ ಜಾಗ ಖಾಲಿ ಬಿದ್ದಿದೆ. ಅಲ್ಲೊಂದು ತಗಡಿನ ಷೆಡ್ಡು ಹಾಕಿಸಿಕೊಟ್ಟರೆ ಕೂದಲೆಲ್ಲ ಅಲ್ಲಿ, ಕೂಸು ಇಲ್ಲಿ. ಓಟು ಕೇಳಲು ಬಂದವರಿಗೆಲ್ಲ, ಯಾಕೆ ಎನ್ನದೆ, ಷೆಡ್ಡು ಬೇಕು ಎಂದಷ್ಟೇ ಹೇಳಿದಳು. ಎಲ್ಲರೂ ಆಯ್ತು ಎಂದರು. ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೂ ಹೇಳಿ ಬಂದಳು. ದೇವಿ ಮಾತ್ರ ಏನೂ ಅನ್ನಲಿಲ್ಲ. ಅಷ್ಟರಮಟ್ಟಿಗೆ ಆಕೆ ನಂಬಿಕಸ್ತಳು.

ಇನ್ನು ನಮ್ಮ ಧಣಿ ವಿರುಪಣ್ಣ. ನಮಗೆ ಗಂಟು ಕೂದಲು ಕೊಡುವವನೂ ಅವನೇ, ಬಿಡಿಸಿದ್ದನ್ನು ಒಯ್ಯುವವನೂ ಅವನೇ. ಅವನ ಗೋದಾಮಿಗೆ ಬೋರ್ಡಿಲ್ಲ, ನಮ್ಮ ಹೆಸರು ಅವನ ಯಾವ ಕಾಗದದಲ್ಲೂ ಇಲ್ಲ. ನಾವು ಅವನ ಕೆಲಸದವರಲ್ಲವಂತೆ, ಅಕ್ಕತಂಗಿಯರಂತೆ. ಅಕ್ಕತಂಗಿಯರ ಮೇಲಿನ ಪ್ರೀತಿಗೆ ಒಂದು ಬುದ್ಧಿಮಾತನ್ನೂ ಹೇಳಿಕೊಟ್ಟಿದ್ದ.

"ಕೊರಳಾಗ ಪಟ್ಟಿ ಹಾಕ್ಕೊಂಡು ಯಾರ ಬಂದ್ರೂ ಕೂದ್ಲ ಕಾಣಬಾರ್ದು ನೋಡ್ರವ್ವಾ. ದುಡೀತೀರಿ ಅಂತ ಗೊತ್ತಾದ್ರ ರೇಷನ್ ಕಾರ್ಡ್ ಹೋಗ್ತೈತಿ, ಗೃಹಲಕ್ಷ್ಮಿ ರೊಕ್ಕಾನೂ ನಿಂದರ್ತೈತಿ. ಮನಿಯಾಗ ಅಡಿಗಿ ಮಾಡ್ಕೊಂಡು ಅದೀವಿ ಅನ್ರಿ, ಸಾಕು."

ಈ ವಿದ್ಯೆಯಲ್ಲಿ ನಾವು ಪಳಗಿದ್ದೆವು. ಓಣಿಯ ತುದಿಯಲ್ಲಿ ಪಟ್ಟಿ ಕಂಡರೆ ಸಾಕು, ಮೊದಲ ಮನೆಯವಳು ಕೆಮ್ಮುತ್ತಾಳೆ, ಎರಡನೆಯವಳು ಕೆಮ್ಮುತ್ತಾಳೆ, ಕೆಮ್ಮು ನಮ್ಮ ಪಡಸಾಲೆಗೆ ಬರುವಷ್ಟರಲ್ಲಿ ಕೂದಲೆಲ್ಲ ಚೀಲಕ್ಕೆ, ಚೀಲವೆಲ್ಲ ಮಂಚದ ಕೆಳಗೆ, ಮಂಚದಿಂದ ನೆಲದವರೆಗೆ ಇಳಿಬಿದ್ದ ಕೌದಿ. ಮೊರದಲ್ಲಿ ಒಂದಿಷ್ಟು ಅಕ್ಕಿ ಯಾವಾಗಲೂ ತಯಾರಿರುತ್ತದೆ. ಬಂದವರು ನೋಡುವುದು ಅಕ್ಕಿ ಆರಿಸುತ್ತ ಕೂತ ಗೃಹಿಣಿಯರನ್ನು. ಆ ಅಕ್ಕಿಯನ್ನು ನಾವು ಇಷ್ಟು ಸಲ ಆರಿಸಿದ್ದೇವೆಂದರೆ ಅದರಲ್ಲಿ ಕಲ್ಲೂ ಇಲ್ಲ, ನುಚ್ಚೂ ಇಲ್ಲ.

ನೀಲಿ ಪಟ್ಟಿಯ ಹುಡುಗ ಬಂದ ದಿನವೂ ಹಾಗೆಯೇ ಆಯಿತು. ಹೆಸರು ಸಿದ್ದಾರ್ಥ, ಕೊಪ್ಪಳದವನೇ. ಬಿಸಿಲಿಗೆ ಬಾಡಿ ಹೋಗಿದ್ದ. ಶಾಂತಕ್ಕ ನೀರು ಕೊಟ್ಟು ಮಂಚದ ಮೇಲೆ ಕೂರಿಸಿದಳು. ಅವನು ಉದ್ಯಮದ ಮೇಲೆ ಕಾಲು ಇಳಿಬಿಟ್ಟು ಕೂತು, ಕೈಯಲ್ಲಿದ್ದ ಟ್ಯಾಬು ನೋಡಿ ಓದತೊಡಗಿದ.

"ದೇಶೀಯ ಉಕ್ಕಿನ ಕೈಗಾರಿಕೆಗಳಿಗೆ ಸರ್ಕಾರವು ಆರ್ಥಿಕ ನೆರವು ನೀಡಬೇಕು. ಈ ಹೇಳಿಕೆಯನ್ನು ನೀವು ಪೂರ್ಣವಾಗಿ ಒಪ್ಪುತ್ತೀರಾ, ಭಾಗಶಃ ಒಪ್ಪುತ್ತೀರಾ, ಒಪ್ಪುವುದಿಲ್ಲವೇ?"

ನಾವು ಶಾಂತಕ್ಕನ ಮುಖ ನೋಡಿದೆವು. "ಕೊಡ್ಲಿ ಬಿಡ್ರಿ, ಪಾಪ," ಎಂದಳು ಶಾಂತಕ್ಕ.

"ವಿಮಾನ ತಯಾರಿಸುವ ಸಂಸ್ಥೆಗಳಿಗೆ?"

"ಅವ್ರಿಗೂ ಕೊಡ್ಲಿ. ಅವ್ರಿಗೇನು ಹೆಂಡ್ರು ಮಕ್ಳು ಇರಂಗಿಲ್ಲೇನ್ರಿ?" ಎಂದಳು ಪಕ್ಕದ ಮನೆಯ ಉಡಚಮ್ಮ.

ಹೀಗೆ ಕಾರು, ಸಿಮೆಂಟು, ಮೊಬೈಲು ಮಾಡುವವರಿಗೆಲ್ಲ ನಾವು ಧಾರಾಳವಾಗಿ ನೆರವು ಕೊಡಿಸಿದೆವು. ಕೊಡುವಾಗ ಕೈ ಬಿಗಿಹಿಡಿಯುವ ಜನ ನಾವಲ್ಲ. ಆಮೇಲೆ ಅವನು ಕೇಳಿದ: "ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಯಾವುದಾದರೂ ಗೃಹ ಉದ್ಯಮ ಇದೆಯೇ? ಇದ್ದರೆ ಅದಕ್ಕೆ ಸರ್ಕಾರದಿಂದ ಯಾವ ಸೌಲಭ್ಯ ಬೇಕು?"

ಶಾಂತಕ್ಕನ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಷೆಡ್ಡು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕಣ್ಣು ಆ ನೀಲಿ ಪಟ್ಟಿಯ ಮೇಲೆ ಬಿತ್ತು. ರೇಷನ್ ಅಕ್ಕಿ ಮೊರದಲ್ಲಿ ಕೂತು ಅವಳನ್ನೇ ನೋಡುತ್ತಿತ್ತು.

"ಏನೂ ಇಲ್ರಿ ಸರ. ಮನಿಯಾಗ ಅಡಿಗಿ ಮಾಡ್ಕೊಂಡು ಅದೀವಿ," ಎಂದಳು.

ಸಿದ್ದಾರ್ಥ ತನ್ನ ಟ್ಯಾಬಿಗೆ ಸುತ್ತಿಕೊಂಡಿದ್ದ ಒಂದು ಕೂದಲನ್ನು ಬಿಡಿಸಿ ಕೆಳಗೆ ಹಾಕಿದ. ಅಂಗಿಯ ಮೇಲಿನದನ್ನು ತೆಗೆದ. ಕಾಲುಚೀಲಕ್ಕೆ ಅಂಟಿದ್ದನ್ನೂ ತೆಗೆದ. ತೆಗೆದು, "ಉದ್ಯಮ ಇಲ್ಲ" ಎಂಬಲ್ಲಿ ಒತ್ತಿದ. ಕಂಡದ್ದನ್ನು ಬರೆಯುವುದು ಅವನ ಕೆಲಸವಲ್ಲ, ಕೇಳಿದ್ದನ್ನು ಒತ್ತುವುದು ಅವನ ಕೆಲಸ. ನಾನಾದರೂ ಬಾಯಿ ಬಿಡಬಹುದಿತ್ತು. ನನಗೂ ರೇಷನ್ ಕಾರ್ಡಿದೆ.

ಕೊನೆಗೆ, ಇವತ್ತೇ ಚುನಾವಣೆ ನಡೆದರೆ ಓಟು ಯಾರಿಗೆ ಎಂದು ಕೇಳಿದ.

"ಎಲ್ಲಾರ್ಗೂ ಹಾಕ್ತೀವ್ರಿ, ಯಾರ್ನೂ ನೋಯಿಸಂಗಿಲ್ಲ," ಎಂದಳು ಶಾಂತಕ್ಕ. ಉಡಚಮ್ಮ, "ನಮ್ಮನಿಯವ್ರು ಇನ್ನಾ ಹೇಳಿಲ್ರಿ," ಎಂದಳು. ಎರಡೂ ಉತ್ತರ ಟ್ಯಾಬಿನಲ್ಲಿ ಇರಲಿಲ್ಲ. ಹುಡುಗ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಏನನ್ನೋ ಒತ್ತಿದ. ನಾವು ಯಾರಿಗೆ ಓಟು ಹಾಕುತ್ತೇವೆಂದು ಈಗ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಕೆಲವು ದಿನ ಕಳೆದ ಮೇಲೆ ಓಣಿಯಲ್ಲಿ ಸುದ್ದಿ ಹಬ್ಬಿತು. ಲೋಕಸಭೆಗೆ ನಿಂತ ಸಾಹೇಬರು ನಮ್ಮ ಓಣಿಗೇ ಬರುತ್ತಾರಂತೆ, ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಷೆಡ್ಡು ಕಟ್ಟಿಸುವ ಮಾತಾಡುತ್ತಿದ್ದಾರಂತೆ. ಸಾಹೇಬರ ಚಹಾಪಾನ ಶಾಂತಕ್ಕನ ಪಡಸಾಲೆಯಲ್ಲೇ, ಯಾಕೆಂದರೆ ಆ ಖಾಲಿ ಜಾಗಕ್ಕೆ ಹತ್ತಿರದ ಮನೆ ಅದು. ಶಾಂತಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿ, ತೊಳೆದು, ಬಿಸಿಲಿಗಿಟ್ಟು, ಕುಷ್ಟಗಿಗೆ ಫೋನ್ ಮಾಡಿದಳು.

"ಷೆಡ್ಡು ಬರಾಕತ್ತೈತವ್ವಾ ಶ್ವೇತಾ. ಅರಿವಿ ಮಡಚಿಟ್ಕೋ."

ಸಾಹೇಬರು ಬರುವ ದಿನ ವಿರುಪಣ್ಣ ಮುಂಜಾನೆಯೇ ಬಂದು ನಿಂತು, ಒಂದು ಎಳೆಯೂ ಕಾಣದ ಹಾಗೆ ಎಲ್ಲವನ್ನೂ ಮಂಚದ ಕೆಳಗೆ ತುಂಬಿಸಿದ. "ದೊಡ್ಡವ್ರು ಬರೋ ಹೊತ್ನ್ಯಾಗ ಕಸ ಕಾಣಬಾರ್ದು," ಎಂದ. ನಮ್ಮ ಕೈ ಸವೆಸಿದ ಕೆಲಸಕ್ಕೆ ಹೀಗೆ ಒಂದು ಹೆಸರಾದರೂ ಸಿಕ್ಕಿತು. ಶಾಂತಕ್ಕ ಒಲೆಯ ಮುಂದೆ ಕೂತು ಒಗ್ಗರಣಿ ಮಂಡಕ್ಕಿ ಮಾಡಿದಳು, ಬುಟ್ಟಿ ತುಂಬ ಮಿರ್ಚಿ ಭಜಿ ಕರಿದಳು.

ಸಾಹೇಬರು ಬಂದರು. ಹೂವಿನ ಹಾರ, ಬಿಳಿ ಬಟ್ಟೆ, ಮೊಬೈಲ್ ಹಿಡಿದುಕೊಂಡ ಸಹಾಯಕ. ಅದೇ ಮಂಚದ ಮೇಲೆ ಕೂತು, ತಟ್ಟೆ ಕೈಗೆ ತೆಗೆದುಕೊಂಡು ಮಾತು ಶುರುಮಾಡಿದರು.

"ತಾಯಂದಿರೇ, ನಾವು ಬೆಂಗಳೂರಾಗ ಕುಂತು ತೀರ್ಮಾನ ಮಾಡೋರಲ್ಲ. ಜನಾಭಿಪ್ರಾಯ ಕೇಳ್ತೀವಿ, ಸರ್ವೇ ಮಾಡಸ್ತೀವಿ. ಗೃಹ ಉದ್ಯಮದ ಹೆಣ್ಮಕ್ಳಿಗೆ ಒಂದು ಷೆಡ್ಡು ಅಂತ ನಾನು ಮಾತು ಕೊಟ್ಟಿದ್ದೆ. ನಿಮ್ಮ ಓಣಿ ಕೊನೀಗೆ ಜಾಗಾನೂ ನೋಡಿದ್ವಿ. ಆದ್ರ ಏನ್ ಮಾಡೋದು, ನಿಮ್ಮ ಓಣ್ಯಾಗ ಒಂದೂ ಉದ್ಯಮ ಇಲ್ಲ ಅಂತ ಸರ್ವೇದಾಗ ನೀವ ಹೇಳೀರಿ. ನಿಮ್ಮ ಮಾತು ಮೀರಾಕ ಆಗ್ತೈತೇನು? ಯಲಬುರ್ಗಾ ಕಡೆ ಒಂದೂರಾಗ ಹೆಣ್ಮಕ್ಳು ಕೌದಿ ಹೊಲೀತೀವಿ ಅಂದ್ರು. ಅಲ್ಲಿಗೆ ಷೆಡ್ಡು ಕೊಡೋದು ಅಂತ ಮಾಡೀವಿ. ಹಂಗಂತ ನಿಮ್ಮನ್ನ ಮರ್ತಿಲ್ಲ. ಉಕ್ಕಿನ ಕಾರ್ಖಾನಿಗೆ ನೆರವು ಕೊಡ್ರಿ ಅಂತ ನೀವೆಲ್ಲಾರೂ ಕೇಳೀರಿ. ಅದನ್ನ ಕೊಡಿಸೋ ಹೊಣಿ ನಂದು!"

ಸಹಾಯಕ ಚಪ್ಪಾಳೆ ತಟ್ಟಿದ. ವಿರುಪಣ್ಣ ತಟ್ಟಿದ. ಅವರಿಬ್ಬರು ತಟ್ಟಿದ್ದಕ್ಕೆ ನಮ್ಮ ಕೈಗಳೂ ತಟ್ಟಿದವು. ಶಾಂತಕ್ಕ ಮಾತ್ರ ಒಳಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು.

ಆಗ ಸಾಹೇಬರು ಮಿರ್ಚಿ ಕಚ್ಚಿದರು. ಎರಡು ಸಲ ಅಗಿದು ನಿಲ್ಲಿಸಿದರು. ಬಾಯಿಗೆ ಬೆರಳು ಹಾಕಿದರು. ಹಾಕಿ ಎಳೆದರು. ಎಳೆದಷ್ಟೂ ಬಂತು. ಒಳ್ಳೆಯ ಮಾಲು, ಕರ್ರಗೆ, ಮೊಳಕ್ಕಿಂತ ಉದ್ದ. ಅಂಥದ್ದನ್ನು ವಿರುಪಣ್ಣ ಮೊದಲನೇ ನಂಬರಿನ ಕಟ್ಟಿಗೆ ಹಾಕುತ್ತಾನೆ. ಅಡುಗೆ ಮಾಡಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಉಡಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಿದು?" ಎಂದರು ಸಾಹೇಬರು.

"ಉದ್ಯಮರೀ," ಎಂದಳು ಶಾಂತಕ್ಕ.

ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ಬಂದು, ಸಾಹೇಬರ ಕಾಲ ಹತ್ತಿರ ಕೂತು, ಕೌದಿ ಎತ್ತಿ, ಒಂದೊಂದೇ ಚೀಲ ಎಳೆದು ಹೊರಗೆ ಹಾಕಿದಳು. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಪಡಸಾಲೆಯ ತುಂಬ ಕೂದಲು ಹರಡಿತು. ಸಾಹೇಬರು ಕಾಲು ಮೇಲೆತ್ತಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಯಾರದಿದು, ವಿರುಪಣ್ಣಾ?"

"ಗೊತ್ತಿಲ್ರಿ ಸಾಹೇಬ್ರ. ಹೆಣ್ಮಕ್ಳು ತಲಿ ಬಾಚ್ಕೊಂಡಿರಬೇಕ್ರಿ," ಎಂದ ನಮ್ಮ ಅಣ್ಣ.

"ಎಲ್ಲಾರೂ ಕೂಡಿ ಇದನ್ನ ಬಿಡಸ್ತೀವ್ರಿ ಸಾಹೇಬ್ರ," ಎಂದಳು ಶಾಂತಕ್ಕ. "ಅವತ್ತು ಅಂಜಿ ಇಲ್ಲ ಅಂದ್ವಿ. ಇವತ್ತು ಐತಿ ಅಂತೀವಿ. ಕಣ್ಣಿಗೆ ಕಾಣಾಕತ್ತೈತಲ್ರಿ. ಬಾಯಿಗೂ ಬಂತು. ಬರ್ಕೊಳ್ರಿ."

ಸಾಹೇಬರು ನಿಜಕ್ಕೂ ಮರುಗಿದರು. ಬಾಯಿ ಒರೆಸಿಕೊಂಡು, ಎದ್ದು, ಚೀಲಗಳನ್ನು ದಾಟಿ, ಹೊಸ್ತಿಲಲ್ಲಿ ನಿಂತು ಕೈ ಮುಗಿದರು. "ತಡಾ ಮಾಡಿಬಿಟ್ರಿ ತಾಯಿ. ಮುಂದಿನ ಸರ್ವೇದಾಗ ಮರೀಬ್ಯಾಡ್ರಿ." ಅವರ ಅಂಗಿಯ ಬೆನ್ನಿಗೆ ನಮ್ಮ ಕೂದಲು ಹತ್ತಾರು ಎಳೆ ಅಂಟಿಕೊಂಡು ಕಾರು ಹತ್ತಿದವು. ಸರ್ಕಾರದ ಕಡೆಗೆ ಅಷ್ಟು ದೂರ ನಮ್ಮ ಉದ್ಯಮ ಹೋದದ್ದು ಅದೇ ಮೊದಲು.

ಅವರು ಹೋದ ಮೇಲೆ ನಾವೆಲ್ಲ ಕೂತು, ಹರಡಿದ್ದನ್ನು ಮತ್ತೆ ಗುಡಿಸಿ ಚೀಲಕ್ಕೆ ತುಂಬಿದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತೊಳೆದಿಟ್ಟ ತೊಟ್ಟಿಲಿನ ಅಂಚಿಗೂ ನಾಲ್ಕು ಎಳೆ ಹಾರಿ ಅಂಟಿದ್ದವು. ಶಾಂತಕ್ಕ ಅವನ್ನು ಒಂದೊಂದಾಗಿ ತೆಗೆಯುತ್ತಿದ್ದಾಗ ಫೋನ್ ಬಂತು. ಕುಷ್ಟಗಿಯಿಂದ. ಅವಳ ಕೈಯಲ್ಲಿ ಕೂದಲಿತ್ತು, ನಾನೇ ಫೋನನ್ನು ಅವಳ ಕಿವಿಗೆ ಹಿಡಿದೆ. ಆ ಕಡೆ ಕೂಸು ಏನೋ ಗಿಲಿಗಿಲಿ ಅನ್ನುತ್ತಿದ್ದದ್ದು ನನಗೂ ಕೇಳಿಸಿತು.

"ಅತ್ತೀ, ಅರಿವಿ ಮಡಚಿಟ್ಕೊಂಡು ಕುಂತೀನಿ. ಷೆಡ್ಡು ಬಂತೇನ್ರಿ?"

ಶಾಂತಕ್ಕ ತೊಟ್ಟಿಲಿನ ಅಂಚಿನಿಂದ ಕೊನೆಯ ಎಳೆಯನ್ನೂ ತೆಗೆದಳು.

"ಬಂದಿತ್ತವ್ವಾ," ಎಂದಳು. "ನಾವ ಇಲ್ಲ ಅಂತ ಹೇಳಿ ಕಳಿಸಿದ್ವಿ."