ತಪಾಸಣೆಯ ಟೈರು

ಈಶ್ವರಮಂಗಲದ ಸಿದ್ದೀಕ್ ಹಳೆಯ ಬಸ್ಸೊಂದನ್ನು ಕೊಂಡಿದ್ದ. ಕಡಬದ ಕಡೆಯ ಘಟ್ಟ, ತಿರುವುಗಳಲ್ಲಿ ವರ್ಷಗಟ್ಟಲೆ ಓಡಿ ದಣಿದ ಬಸ್ಸು. ಅದಕ್ಕೆ ಹಳದಿ ಬಣ್ಣ ಬಳಿಸಿದ, ಬದಿಗೆ ‘ಶಾಲಾ ವಾಹನ’ ಎಂದು ಬರೆಸಿದ. ರಸ್ತೆಯಲ್ಲಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟು, ಎಲ್ಲರೂ ಎಫ್‌ಸಿ ಎನ್ನುವುದು, ಅದೂ ಸಿಕ್ಕಿತು. ಸೋಮವಾರದಿಂದ ಊರಿನ ಮಕ್ಕಳು ಇದೇ ಬಸ್ಸಿನಲ್ಲಿ ಪುತ್ತೂರಿನ ಶಾಲೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಎಂಟನೆಯ ತರಗತಿಯಲ್ಲಿರುವ ಅವನ ಮಗಳು ಹಸ್ನಾ ಕೂಡ.

ಭಾನುವಾರ ಮಧ್ಯಾಹ್ನ ಊಟಕ್ಕೆ ಸುರಕ್ಷಾ ಬಂದಳು. ಸಿದ್ದೀಕನ ಹೆಂಡತಿ ರಮ್ಲತ್‌ಗೆ ಹೈಸ್ಕೂಲಿನ ಗೆಳತಿ. ಮರ್ಕಂಜದವಳು, ಐಟಿಐ ಕಲಿತು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ರಮ್ಲತ್ ನೈಚೋರು, ಅಂದರೆ ತುಪ್ಪದನ್ನ, ಮಾಡಿದ್ದಾಳೆಂದರೆ ಎರಡು ಬಸ್ಸು ಬದಲಿಸಿಯಾದರೂ ಬರುವವಳು.

“ಬಸ್ಸು ಹೇಗುಂಟು?” ಸಿದ್ದೀಕ್ ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳಿದ.

“ಬಣ್ಣ ಒಳ್ಳೆದುಂಟು.”

“ಬಣ್ಣ ಮಾತ್ರವಾ? ಎಫ್‌ಸಿ ಆಗಿದೆ ಮಾರಾಯ್ತಿ! ಇನ್ನೆಂತ ಬೇಕು?”

ಅಷ್ಟರಲ್ಲಿ ಪಿಕಪ್ ಒಂದು ಅಂಗಳಕ್ಕೆ ಬಂದು ನಿಂತಿತು. ಇಳಿದವನು ಹತ್ತಿರದಲ್ಲೇ ಶಾಲಾ ಬಸ್ಸು ಓಡಿಸುವ ರಾಧಾಕೃಷ್ಣ.

“ಸಿದ್ದೀಕಾ, ಟೈರ್ ಬಿಚ್ಚುವನಾ? ನಾಳೆ ನನ್ನ ಬಸ್ಸಿನ ಎಫ್‌ಸಿ ಅಲ್ವಾ.”

“ಎಂತ ಟೈರು?” ಸುರಕ್ಷಾ ಕೇಳಿದಳು.

ಸಿದ್ದೀಕ್ ಹೇಳಿದ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎನ್ನುವ ಹಾಗೆ. ರಾಧಾಕೃಷ್ಣ ಮತ್ತು ಇನ್ನೊಬ್ಬ ಶಾಲಾ ಬಸ್ಸಿನ ಮಾಲೀಕ ಶಿಹಾಬ್ ಸೇರಿ ಎರಡು ಹೊಸ ಟೈರು ತೆಗೆದಿಟ್ಟಿದ್ದರು. ಯಾರ ಬಸ್ಸಿಗೆ ತಪಾಸಣೆಯೋ ಅವರ ಬಸ್ಸಿನ ಮುಂದಿನ ಚಕ್ರಕ್ಕೆ ಅವು. ಪಾಸಾದ ಮೇಲೆ ಬಿಚ್ಚಿ ಮುಂದಿನವರಿಗೆ. ಮದುವೆ ಅಡುಗೆಯ ದೊಡ್ಡ ಪಾತ್ರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹಾಗೆ. ಸಿದ್ದೀಕ್ ಬಸ್ಸು ಕೊಂಡ ದಿನವೇ ಅವನೂ ಒಂದು ಪಾಲು ಹಾಕಿದ್ದ. ಬೆಂಕಿ ಆರಿಸುವ ಸಿಲಿಂಡರನ್ನು ಶಿಹಾಬ್ ಕೊಟ್ಟಿದ್ದ. ಅದು ಆಗಲೇ ವಾಪಸು ಹೋಗಿತ್ತು.

ಇದಕ್ಕೆ ಮೋಸ ಎಂಬ ಹೆಸರು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ನೆರೆಕರೆಯ ಉಪಕಾರ ಎನ್ನುತ್ತಿದ್ದರು.

ಸುರಕ್ಷಾ ಬಗ್ಗಿ ಟೈರಿನ ಬದಿಯನ್ನು ಸವರಿದಳು. ಹೊಸ ರಬ್ಬರಿನ ಸಣ್ಣ ಕೂದಲು ಇನ್ನೂ ಉದುರಿರಲಿಲ್ಲ.

“ಎಷ್ಟು ಬಸ್ಸನ್ನು ಪಾಸ್ ಮಾಡಿಸಿದೆ ಇದು?”

“ಅದೆಲ್ಲ ಯಾರು ಲೆಕ್ಕ ಇಡ್ತಾರೆ?” ರಾಧಾಕೃಷ್ಣ ನಕ್ಕ.

“ಹಾಗಾದ್ರೆ ಪಾಸಾದದ್ದು ಟೈರು. ಸಿದ್ದೀಕಣ್ಣನ ಬಸ್ಸಿನ ಪರೀಕ್ಷೆ ಇನ್ನೂ ಆಗ್ಲಿಲ್ಲ.”

ಸಿದ್ದೀಕನಿಗೆ ರೇಗಿತು. “ಡಿಪೋದಲ್ಲಿ ಕೆಲಸ ಸಿಕ್ಕಿದ ಕೂಡಲೇ ನೀನು ಇನ್ಸ್‌ಪೆಕ್ಟ್ರಾ? ನಿಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುದಿಲ್ವಾ?”

“ನಿಲ್ತದೆ. ತಳ್ಳಿದ ಕೈ ಇದೇ,” ಎಂದು ಸುರಕ್ಷಾ ಎರಡೂ ಅಂಗೈ ತೋರಿಸಿದಳು. “ಸಿಟ್ಟು ಯಾಕೆ? ನೀವೇ ಸೀಟಿಗೆ ಹತ್ತಿ. ನೀವೇ ನೋಡಿ.”

ಸಿದ್ದೀಕ್ ಹತ್ತಿದ. ಇಂಜಿನ್ ಚಾಲು ಮಾಡಿದ. ಬ್ರೇಕಿನ ಗಾಳಿ ತೋರಿಸುವ ಮುಳ್ಳು ಮೇಲಕ್ಕೆ ಬಂತು.

“ಈಗ ಆಫ್ ಮಾಡಿ. ಬ್ರೇಕ್ ಒತ್ತಿ ಹಿಡಿಯಿರಿ. ಬಿಡಬೇಡಿ. ಮುಳ್ಳನ್ನೇ ನೋಡಿ.”

ಇಂಜಿನಿನ ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಹಿಂದಿನ ಚಕ್ರದ ಕಡೆಯಿಂದ, ಯಾರೋ ಹಲ್ಲು ಕಚ್ಚಿ ಉಸಿರು ಬಿಟ್ಟಂತೆ. ಮುಳ್ಳು ಕೆಳಗೆ ಜಾರುತ್ತಿತ್ತು.

“ಈ ಬಸ್ಸಿನ ಬ್ರೇಕು ಕೆಲಸ ಮಾಡುದು ಗಾಳಿಯಲ್ಲಿ. ಗಾಳಿ ಸೋರಿದ್ರೆ ಇಳಿಜಾರಿನಲ್ಲಿ ನೀವು ಎಷ್ಟು ಒತ್ತಿದ್ರೂ ಬೇಕಾದಷ್ಟು ಹಿಡಿಯುದಿಲ್ಲ.”

“ಮೊನ್ನೆ ತಪಾಸಣೆಯಲ್ಲಿ ಸರಿ ಇತ್ತಲ್ಲ!”

“ಮೊನ್ನೆ ಹೀಗೆ ಒತ್ತಿ ಹಿಡಿದು ನೋಡಿದ್ರಾ?”

ಸಿದ್ದೀಕ್ ನೆನಪು ಮಾಡಿಕೊಂಡ. ಬಸ್ಸು ಸ್ವಲ್ಪ ಮುಂದೆ ಹೋಗಿತ್ತು, ಬ್ರೇಕು ಹಾಕಿದಾಗ ನಿಂತಿತ್ತು. ಲೈಟು ಉರಿದಿತ್ತು, ಹಾರ್ನು ಕೂಗಿತ್ತು. ಬಸ್ಸಿನ ಅಡಿಭಾಗವನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಅಧಿಕಾರಿ ಕಣ್ಣಿಗೆ ಕಂಡದ್ದನ್ನು ಬರೆದಿದ್ದರು; ಕಣ್ಣಿಗೆ ಏನು ಕಾಣಬೇಕೆಂದು ಮಾಲೀಕರು ಮೊದಲೇ ತೀರ್ಮಾನಿಸಿದ್ದರು.

ಸುರಕ್ಷಾ ಹಿಂದಿನ ಸೀಟಿನ ಬಳಿ ಮ್ಯಾಟು ಎತ್ತಿ ಸ್ಕ್ರೂಡ್ರೈವರ್ ಊರಿದಳು. ಮಳೆಗೆ ತುಕ್ಕು ಹಿಡಿದ ತಗಡು ಹಪ್ಪಳದಂತೆ ಮುರಿಯಿತು. ತೂತಿನಲ್ಲಿ ಅಂಗಳದ ಮಣ್ಣು ಕಂಡಿತು.

“ಎಲ್ಲ ಕೆಟ್ಟದ್ದೇ ಕಾಣುದಾ ನಿನಗೆ?” ಸಿದ್ದೀಕ್ ಕೆಳಗಿಳಿದು ಬಸ್ಸಿನ ಹಿಂದೆ ಹೋದ. “ಎಮರ್ಜೆನ್ಸಿ ಬಾಗಿಲು ಫಸ್ಟ್ ಕ್ಲಾಸ್ ಉಂಟು. ತಪಾಸಣೆಯಲ್ಲಿ ಒಂದೇ ಸಲಕ್ಕೆ ತೆರೆದಿತ್ತು. ಹಸ್ನಾ, ಒಳಗಿಂದ ತೆಗೆದು ತೋರಿಸು.”

ಅಂಗಳದಲ್ಲಿ ನಿಂತು ನೋಡುತ್ತಿದ್ದ ಹಸ್ನಾ ಬಸ್ಸಿನೊಳಗೆ ಓಡಿದಳು. ಹಿಡಿಕೆಯನ್ನು ಎಳೆದಳು. ಗಾಜಿನ ಹಿಂದೆ ಅವಳ ನಗು ಕಂಡಿತು. ಮತ್ತೆ ಎಳೆದಳು. ನಗು ಹೋಯಿತು. ಗಾಜಿಗೆ ಬಡಿದಳು.

“ಉಪ್ಪಾ, ಇದು ಬರುದಿಲ್ಲ!”

ಸಿದ್ದೀಕ್ ಹೊರಗಿನಿಂದ ಎಳೆದ. ರಾಧಾಕೃಷ್ಣನೂ ಕೈ ಹಾಕಿದ. ಬಾಗಿಲು ಅಲುಗಲಿಲ್ಲ. ತಪಾಸಣೆ ಮುಗಿದ ಮೇಲೆ, ಇನ್ನಿಬ್ಬರು ಮಕ್ಕಳಿಗೆ ಜಾಗವಾಗಲಿ ಎಂದು ಸಿದ್ದೀಕನೇ ಹಿಂದೆ ಒಂದು ಸೀಟು ಹಾಕಿಸಿದ್ದ. ಅದರ ಕಬ್ಬಿಣದ ಕಾಲು ಹಿಡಿಕೆಗೆ ಅಡ್ಡ ನಿಂತಿತ್ತು.

ಹಸ್ನಾ ಮುಂದಿನ ಬಾಗಿಲಿನಿಂದ ಇಳಿದು ಬಂದಳು. ಮುಂದಿನ ಬಾಗಿಲು ತೆರೆದಿತ್ತು. ಬೆಂಕಿ ಇರಲಿಲ್ಲ. ಬಸ್ಸು ಮಗುಚಿರಲಿಲ್ಲ. ಸಿದ್ದೀಕನ ಕೈ ಮಾತ್ರ ಹಿಂದಿನ ಹಿಡಿಕೆಯನ್ನು ಬಿಟ್ಟಿರಲಿಲ್ಲ.

ಅಡುಗೆಮನೆಯಿಂದ ಅಂಗಳಕ್ಕೆ ಬಂದಿದ್ದ ರಮ್ಲತ್ ಹೇಳಿದಳು: “ನಾಳೆ ಹಸ್ನಾ ಇದರಲ್ಲಿ ಹೋಗುದಿಲ್ಲ.”

“ಹಸ್ನಾ ಮಾತ್ರವಾ?” ಸುರಕ್ಷಾ ಕೇಳಿದಳು.

ಸಿದ್ದೀಕ್ ಫೋನ್ ತೆಗೆದು ಮಕ್ಕಳ ಹೆತ್ತವರಿಗೆ ಒಬ್ಬೊಬ್ಬರಿಗೇ ಕರೆ ಮಾಡಿದ. “ಸೋಮವಾರ ಬಸ್ಸಿಲ್ಲ. ರಿಪೇರಿ ಉಂಟು.” ಎಲ್ಲರೂ ಕೇಳಿದ್ದು ಒಂದೇ: “ಎಫ್‌ಸಿ ಆಗಿದೆ ಅಂದಿದ್ರಿ?”

“ಟೈರಿಗೆ ಆಗಿದೆ,” ಎಂದ ಸಿದ್ದೀಕ್.

ಸುರಕ್ಷಾ ಕೈ ತೊಳೆಯುತ್ತ ಹೇಳಿದಳು: “ನಾನು ನೋಡಿದ್ದು ಮೇಲೆ ಮೇಲೆ. ಸ್ಟೀರಿಂಗ್, ಆಕ್ಸಲ್ ಎಲ್ಲ ಗ್ಯಾರೇಜಿನ ಹೊಂಡಕ್ಕೆ ಇಳಿದೇ ನೋಡ್ಬೇಕು. ನಾನು ಸರಿ ಉಂಟು ಅಂದ್ರೂ ನಂಬಬೇಡಿ.”

“ಅದೆಲ್ಲ ಇರ್ಲಿ, ನನ್ನ ಟೈರ್?” ರಾಧಾಕೃಷ್ಣ ಕೇಳಿದ.

“ಕೊಂಡು ಹೋಗು. ಆದ್ರೆ ಎಫ್‌ಸಿ ಆದ ಮೇಲೆ ವಾಪಸ್ ಬಿಚ್ಚಬೇಡ. ನಿನ್ನ ಬಸ್ಸಲ್ಲಿ ಇರುದೂ ಮಕ್ಕಳೇ ಅಲ್ವಾ ಮಾರಾಯಾ,” ಎಂದ ಸಿದ್ದೀಕ್.

ರಾಧಾಕೃಷ್ಣ ಹಸ್ನಾಳನ್ನು ನೋಡಿ ಜಾಕ್ ತೆಗೆದ.

ಸಿದ್ದೀಕನ ಬಸ್ಸು ಬಹಳ ದಿನ ಗ್ಯಾರೇಜಿನಲ್ಲಿತ್ತು. ಹೆಚ್ಚುವರಿ ಸೀಟು ಹೋಯಿತು, ಗಾಳಿಯ ಪೈಪು ಹೊಸದಾಯಿತು, ತಗಡು ಬದಲಾಯಿತು. ಸ್ವಂತ ಟೈರು, ಸ್ವಂತ ಸಿಲಿಂಡರ್ ಬಂದವು. ಈಗ ದಿನಾ ಬೆಳಿಗ್ಗೆ ಹೊರಡುವ ಮೊದಲು ಸಿದ್ದೀಕ್ ಮುಳ್ಳು ನೋಡುತ್ತಾನೆ. ಹಸ್ನಾ ಹಿಂದಿನ ಬಾಗಿಲು ತೆರೆದು ಮುಚ್ಚುತ್ತಾಳೆ.

ಮೊನ್ನೆ ಶಿಹಾಬ್ ಫೋನ್ ಮಾಡಿದ್ದ. “ನನ್ನ ಎಫ್‌ಸಿ ಹತ್ತಿರ ಬಂತು. ಟೈರ್ ಎಲ್ಲುಂಟು?”

“ರಾಧಾಕೃಷ್ಣನ ಬಸ್ಸಲ್ಲಿ, ರಸ್ತೆಯಲ್ಲಿ ಉಂಟು,” ಎಂದ ಸಿದ್ದೀಕ್. “ಇನ್ನು ಕೊಡುದಿಲ್ಲ. ನೀನೂ ಹೊಸದು ಹಾಕು.”

ಓದುತ್ತಿರುವ ತಾಯಂದಿರೇ, ತಂದೆಯಂದಿರೇ, ನಿಮ್ಮ ಮಗು ಹತ್ತುವ ಬಸ್ಸಿನ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಫ್‌ಸಿ ಯಾವ ತಾರೀಕಿನ ತನಕ ಉಂಟೆಂದು ಕಾಣುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಸರ್ಟಿಫಿಕೇಟು ತಪಾಸಣೆಯ ಒಂದು ದಿನದ ಮಾತು. ನಿಮ್ಮ ಮಗು ಹೋಗುವುದು ದಿನಾ. ಟೈರು ನುಣುಪಾಗಿದೆಯೇ ಎಂದು ಕೈಯಿಟ್ಟು ನೋಡಿ. ಬ್ರೇಕಿನ ಗಾಳಿ ನಿಲ್ಲುತ್ತದೆಯೇ ಎಂದು ಕೇಳಿ. ತುರ್ತು ಬಾಗಿಲನ್ನು ನಿಮ್ಮ ಮಗುವಿನ ಕೈಯಿಂದಲೇ, ಒಳಗಿನಿಂದ, ತೆರೆಸಿ ನೋಡಿ. ಹೀಗೆ ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಮಾಲೀಕರು ಕಾಗದ ತೋರಿಸಿದರೆ ಹೇಳಿ: ಕಾಗದ ಒಳಗಿಡಿ, ಬಾಗಿಲು ತೆರೆದು ತೋರಿಸಿ.