ಚಿಕ್ಕವಳ ಪದರ

ಆ ಮನೆಯಲ್ಲಿ ಹುಟ್ಟುಹಬ್ಬ ಯಾರದೇ ಇರಲಿ, ಚಾಕಲೇಟ್ ಕೇಕಿಗೆ ಮೂರು ಪದರ. ಅಡಿಯದು ಹಿರಿಯ ಮಗನದು, ನಡುವಿನದು ಮಗಳದು, ಮೇಲಿನದು ಚಿಕ್ಕವಳದು. ಮಕ್ಕಳೆಷ್ಟೋ ಪದರಗಳೂ ಅಷ್ಟೇ ಎಂಬುದು ತಾಯಿ ಕಟ್ಟಿಕೊಂಡ ಲೆಕ್ಕ. ಕಳೆದ ಬೇಸಿಗೆಯಲ್ಲಿ, ನೀರಿನ ಕ್ಯಾನು ಸಾಗಿಸುವ ವ್ಯಾನನ್ನು ಹಿರಿಯ ಮಗ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ, ಚಿಕ್ಕವಳು ಚಕ್ರದ ಹಿಂದಿದ್ದಳು. ಅಂದಿನಿಂದ ಅವನು ಗೋದಾಮಿನಲ್ಲೇ ಮಲಗುತ್ತಿದ್ದ. ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇಂದು ಅವನ ಹುಟ್ಟುಹಬ್ಬ. ಬರುತ್ತೇನೆ ಎಂದಿದ್ದ. ಬಂದವನು ಕುಳಿತು ತಿಂದರೆ ಮಗ ಉಳಿದಂತೆ. ಎದ್ದು ಹೋದರೆ ಅವನೂ ಹೋದಂತೆ. ಇದು ತಾಯಿಗೆ ತಿಳಿದಿತ್ತು.

"ಎರಡೇ ಪದರ ಮಾಡು," ಎಂದ ಗಂಡ. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದು ಕಡೆದು ಮಾತನ್ನೂ ಸಣ್ಣಗೆ ಕಡೆದಿಟ್ಟುಕೊಂಡವನು. "ಮೂರು ಕಂಡ್ರೆ ಬಂದ ದಾರೀಲೇ ವಾಪಸ್ ಹೋಗ್ತಾನೆ."

"ಎರಡು ಮಾಡಿದ್ರೆ ಅವಳು ಹುಟ್ಟೇ ಇಲ್ಲ ಅಂದ ಹಾಗಾಗಲ್ವೇನ್ರೀ?"

"ಹೋದವಳಿಗೆ ಹೊಟ್ಟೆ ಇಲ್ಲ ಕಣೆ. ಇರೋನಿಗಿದೆ."

ಅವಳು ಕೇಕು ಬೇಯಿಸುವ ಮೂರನೆಯ ಟಿನ್ನನ್ನು ಕಪಾಟಿನ ತುದಿಗೆ ಸರಿಸಿದಳು. ಬೆಣ್ಣೆ ಸಕ್ಕರೆಯನ್ನು ನೊರೆಯಾಗುವಂತೆ ತಿರುವಿ, ಮೊಟ್ಟೆ ಒಡೆದು, ಮೈದಾ ಮತ್ತು ಕೋಕೋ ಪುಡಿಯನ್ನು ಜರಡಿ ಹಿಡಿದಳು. ಅದೇ ಹಳೆಯ ಬಟ್ಟಲು, ಅದೇ ಹಳೆಯ ಅಳತೆ. ಹಿಟ್ಟನ್ನು ಎರಡು ಟಿನ್ನಿಗೆ ಸುರಿದು ಓವನ್ನಿಗಿಟ್ಟಳು. ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವ ರೂಢಿ ಅವಳಿಗೆ ಎಂದೂ ಇರಲಿಲ್ಲ. ಘಮ ಬಂದರೆ ಬೆಂದಿತೆಂದೇ ಅರ್ಥ. ಘಮ ಬಂತು, ಹೊರತೆಗೆದಳು. ಆರಿದ ಮೇಲೆ ನಡು ತುಸು ಕುಸಿದಿತ್ತು. ಬೆಣ್ಣೆ, ಕೆನೆ, ಪುಡಿಸಕ್ಕರೆ ಕಡೆದ ಐಸಿಂಗನ್ನು ಆ ತಗ್ಗಿಗೆ ತುಂಬಿ, ಗೋಡೆಗೆ ಗಾರೆ ಮೆತ್ತಿದಂತೆ ಸುತ್ತಲೂ ನುಣ್ಣಗೆ ಬಳಿದಳು.

ಸಂಜೆ ಮಗ ಬಂದ. ಚಪ್ಪಲಿ ಬಿಟ್ಟ ಮೇಲೂ ಬಾಗಿಲಲ್ಲೇ ನಿಂತ.

"ಬಾರೋ ಅಣ್ಣ. ಗಡ್ಡ ನೋಡಿ ಕರಡಿ ಬಂತು ಅಂದ್ಕೊಂಡೆ," ಎಂದಳು ತಂಗಿ. "ಮೇಣದಬತ್ತಿ ಊದೋವಾಗ ಹುಷಾರು, ಹೊತ್ಕೊಂಡೀತು."

"ನಿನ್ನ ನಾಲಿಗೆಗೆ ಇನ್ನೂ ತುಕ್ಕು ಹಿಡಿದಿಲ್ವಾ?" ಎನ್ನುತ್ತ ಕುಳಿತ. ತಾಯಿ ಕೇಕನ್ನು ತಂದು ಅವನ ಮುಂದಿಟ್ಟಳು.

ಅವನು ಚಾಕು ಇಳಿಸಿದ. ತುಂಡನ್ನು ಎತ್ತುತ್ತಲೇ ನಡುವಿನಿಂದ ಹಸಿ ಹಿಟ್ಟು ಕೆಸರಿನಂತೆ ತಟ್ಟೆಗೆ ಜಾರಿತು. ಅವನು ಕೇಕಿನ ಕತ್ತರಿಸಿದ ಮಗ್ಗುಲನ್ನು ಬಹಳ ಹೊತ್ತು ನೋಡಿದ.

"ಅಮ್ಮ, ಮೂರರ ಹಿಟ್ಟನ್ನ ಎರಡಕ್ಕೆ ಸುರಿದಿದ್ದೀಯ."

ಅವಳು ಲೆಕ್ಕದಿಂದ ಟಿನ್ನನ್ನು ಕಳೆದಿದ್ದಳು, ಹಿಟ್ಟನ್ನು ಕಳೆದಿರಲಿಲ್ಲ. ಗಂಡ ಗೋಡೆಯ ಕಡೆ ಮುಖ ಮಾಡಿದ.

ಮಗ ಎದ್ದ. ತಾಯಿ ಬಾಗಿಲ ಕಡೆ ನೋಡಿದಳು. ಆದರೆ ಅವನು ಬಾಗಿಲಿಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಕಪಾಟಿನ ತುದಿಯಿಂದ ಮೂರನೆಯ ಟಿನ್ನನ್ನು ತೆಗೆದ. ಬೇಯದ ಹಿಟ್ಟನ್ನೆಲ್ಲ ಚಮಚದಿಂದ ತೋಡಿ ಅದಕ್ಕೆ ತುಂಬಿ ಓವನ್ನಿನೊಳಗಿಟ್ಟ.

"ಅದು ಉಬ್ಬಲ್ಲ ಕಣೋ," ಎಂದಳು ತಾಯಿ.

"ಗೊತ್ತು."

ಓವನ್ನಿನ ಎದುರು ನೆಲದ ಮೇಲೆ ಕುಳಿತ. ಅದು ಉಬ್ಬಲಿಲ್ಲ, ಹಲಗೆಯಂತೆ ಚಪ್ಪಟೆಯಾಗಿ, ಅಂಚು ಕರಕಲಾಗಿ ಬಂತು. ಐಸಿಂಗ್ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಅವನು ಮುರಿದು ನಾಲ್ಕು ತಟ್ಟೆಗೆ ಹಾಕಿದ. ಮೊದಲು ಬಾಯಿಗಿಟ್ಟವನು ಗಂಡ. ಕಹಿಯಾಗಿತ್ತು, ಅಗಿಯಲು ಕಷ್ಟವಾಗಿತ್ತು. ಎಲ್ಲರೂ ತಿಂದರು.

ಮಗ ಟಿನ್ನನ್ನು ತೊಳೆದು ಉಳಿದೆರಡರ ಪಕ್ಕ ಬೋರಲು ಹಾಕಿದ. ಚಪ್ಪಲಿ ಮೆಟ್ಟಲು ಹೋಗಲಿಲ್ಲ.